ನಾಲ್ಕನೇ ಕೋಷ್ಟಕ

ಜಮಖಂಡಿಯ ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎಂದರೆ ಕೂಡ್ರಿಸಿ ಊಟ ಹಾಕುತ್ತಾರೆಂದು ತಿಳಿಯಬೇಡಿ. ಕುರ್ಚಿ ಕೂಡ ಕಾಯಂ ಮಾಸ್ತರರು ಎದ್ದು ಹೋದ ಮೇಲೆಯೇ ಸಿಗುತ್ತಿತ್ತು. ನನಗೆ ಕೊಟ್ಟದ್ದು ಬಿ.ಎ. ಕೊನೆಯ ವರ್ಷದ ಸಮಾಜಶಾಸ್ತ್ರದ ಪತ್ರಿಕೆ: ಆಧುನಿಕತೆ, ಆಧುನಿಕೋತ್ತರತೆ ಮತ್ತು ಜಾಗತೀಕರಣದ ಸಿದ್ಧಾಂತಗಳು. ಹೆಸರು ಹೇಳುವಷ್ಟರಲ್ಲೇ ತರಗತಿಯ ಅರ್ಧ ಹೊತ್ತು ಮುಗಿಯುತ್ತಿತ್ತು. ಬೇರೆ ಯಾರಿಗೂ ಬೇಡವಾದ ಪತ್ರಿಕೆ, ನನ್ನ ಕೊರಳಿಗೆ ಬಿತ್ತು.

ಸುಳ್ಳೇಕೆ ಹೇಳಲಿ, ನನಗೆ ಆ ಪಾಠ ಇಷ್ಟವಿತ್ತು. ಒಂದು ಕಾಲಕ್ಕೆ ಗಟ್ಟಿಯಾಗಿದ್ದ ಆಧುನಿಕತೆ ಈಗ ನೀರಿನ ಹಾಗೆ ಹರಿಯತೊಡಗಿದೆ ಎಂಬ ಭಾಗ ಬಂದಾಗ ನಾನು ಪುಸ್ತಕ ಮುಚ್ಚಿಡುತ್ತಿದ್ದೆ. ನಮ್ಮ ಮನೆಗೆ ಅದು ನೀರಿನ ಹಾಗೆ ಬರಲಿಲ್ಲ, ನೀರೇ ಆಗಿ ಬಂತು ಎಂದು ಹೇಳುತ್ತಿದ್ದೆ. ಬೀಳಗಿ ತಾಲೂಕಿನ ಕಂಬಳಿಹಾಳ ನಮ್ಮೂರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಊರ ಅಗಸಿ ಬಾಗಿಲವರೆಗೆ ಬಂತು, ಮುಂದಿನ ವರ್ಷ ಅಟ್ಟದವರೆಗೆ. ಜಗತ್ತು ಕುಗ್ಗಿ ಒಂದು ಹಳ್ಳಿಯಾಗಿದೆ ಎಂಬ ಸಾಲು ಬಂದರೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಯಾವ ಹಳ್ಳಿ ಎಂದು ಯಾರೂ ಹೇಳುವುದಿಲ್ಲ. ನಮ್ಮದಂತೂ ಅಲ್ಲ.

ನಮ್ಮನ್ನು ಒಯ್ದು ಇಟ್ಟದ್ದು ಗುಡ್ಡದ ಮಗ್ಗುಲಿನ ಪುನರ್ವಸತಿ ಕೇಂದ್ರದಲ್ಲಿ. ಗೆರೆ ಹೊಡೆದ ಹಾಗೆ ರಸ್ತೆ, ಮನೆಗೊಂದು ನಂಬರು, ಮೂಲೆಗೊಂದು ಫಲಕ. ಮನುಷ್ಯರಿಗೆ ಜಾಗ ಬಿಟ್ಟಿದ್ದರು, ಶಾಲೆಗೆ ಬಿಟ್ಟಿದ್ದರು, ಕುರಿಗೆ ಬಿಟ್ಟಿರಲಿಲ್ಲ. ನಕಾಶೆ ಬರೆದವನಿಗೆ ಕುರಿ ಎಂಬ ಪ್ರಾಣಿ ಗೊತ್ತಿರಲಿಲ್ಲವೇನೋ. ನಮ್ಮ ಕುಲದೇವರು ಬೀರೇಶ್ವರನಿಗೂ ಬಿಟ್ಟಿರಲಿಲ್ಲ. ಹಾಗಾಗಿ 'ಉದ್ಯಾನವನಕ್ಕೆ ಮೀಸಲು' ಎಂಬ ಫಲಕದ ಕೆಳಗೆ ನಮ್ಮವರು ನಾಲ್ಕು ತಗಡು ಹೊದಿಸಿ ದೇವರನ್ನು ಕೂಡ್ರಿಸಿದರು. ಆ ಫಲಕ ಇನ್ನೂ ಹಾಗೇ ಇದೆ.

ಪಾಠದ ಜೊತೆಗೆ ಪಿಎಚ್‌.ಡಿ. ಮಾಡುತ್ತಿದ್ದೆ. ಮುಳುಗಡೆಯಾದ ಕುರಿಗಾರ ಕುಟುಂಬಗಳು ಆಧುನಿಕತೆಯನ್ನು ಹೇಗೆ ಎದುರಿಸಿದವು ಎಂಬುದು ವಿಷಯ. ಎಂದರೆ ನನ್ನ ಅಪ್ಪ, ನನ್ನ ಅಜ್ಜಿ, ನಮ್ಮ ಹನ್ನೊಂದು ಮನೆ. ಮಾರ್ಗದರ್ಶಕರು ಪ್ರೊಫೆಸರ್ ವೀರೇಶ, ಮುಧೋಳ ಕಡೆಯ ದೊಡ್ಡ ಜಮೀನಿನ ಮನೆತನ, ಮೃದು ಮಾತು. ಕುರಿಗಾರರ ಹುಡುಗಿಯನ್ನು ಕೈಹಿಡಿದು ಮೇಲೆತ್ತಿದರು ಎಂದು ಎಲ್ಲರೂ ಅವರನ್ನು ಹೊಗಳುತ್ತಿದ್ದರು. ಅವರೂ ಬೇಡ ಅನ್ನುತ್ತಿರಲಿಲ್ಲ. ಆ ಪದವಿ ಕೈಗೆ ಬಂದರೆ ಕಾಯಂ ನೌಕರಿಗೆ ಅರ್ಜಿ ಹಾಕಬಹುದಿತ್ತು. ನಾಲ್ಕು ವರ್ಷ ನಾನು ಬೇರೆ ಏನನ್ನೂ ಬಯಸಿರಲಿಲ್ಲ.

ಮೊದಲ ಸಲದ ಅಂಕಿಸಂಖ್ಯೆಯನ್ನು ಅವರು ತಿರಸ್ಕರಿಸಿದರು. ತಪ್ಪು ಅವರದಲ್ಲ. ನಮ್ಮವರು ಕುರಿ ಎಷ್ಟೆಂದು ಬಾಯಿಬಿಟ್ಟು ಹೇಳುವುದಿಲ್ಲ; ಎಣಿಸಿ ಹೇಳಿದರೆ ದೃಷ್ಟಿ ತಾಗಿ ಹಿಂಡು ಕರಗುತ್ತದೆ ಎಂಬ ಅಂಜಿಕೆ. ಎಲ್ಲಿ ಮೇಯಿಸುತ್ತೀರಿ ಎಂದರೆ ಗುಡ್ಡದ ಕಡೆ ಕೈ ತೋರಿಸುತ್ತಾರೆ. ಕೈಯಲ್ಲಿ ಹಾಳೆ ಪೆನ್ನು ಹಿಡಿದಾಗ ನಾನೂ ಅವರಿಗೆ ಹೊರಗಿನವಳೇ. "ಇದು ದತ್ತಾಂಶ ಅಲ್ಲ ಪೂನಮ್, ಗಾಳಿಮಾತು" ಎಂದರು ವೀರೇಶ ಸರ್. ನನಗೆ ಅವಮಾನವಾಯಿತು. ನಮ್ಮವರ ಮೇಲೇ ಸಿಟ್ಟು ಬಂತು.

ಆಗ ನಾನು ಮಾಡಿದ್ದನ್ನು ಬೇರೆ ಯಾವ ಸಂಶೋಧಕನೂ ಮಾಡಲಾರ, ಯಾಕೆಂದರೆ ಅವನಿಗೆ ಅದು ಗೊತ್ತಿರುವುದೇ ಇಲ್ಲ. ಬೀರೇಶ್ವರನ ಭಂಡಾರ, ಎಂದರೆ ದೇವರ ಮೇಲೆ ಎರಚುವ ಅರಿಸಿನ ಪುಡಿ, ಅಂಗೈಯಲ್ಲಿದ್ದಾಗ ನಮ್ಮವರು ಸುಳ್ಳಾಡುವುದಿಲ್ಲ. ಜಗಳ ತೀರಿಸುವಾಗ ಹಾಗೆ ಹಿಡಿಸುವುದು ರೂಢಿ. ಗುಡಿಯ ಭಂಡಾರದ ಚೀಲ ನೋಡಿಕೊಳ್ಳುವವಳು ನನ್ನ ಅಜ್ಜಿ ಸೋಮವ್ವ. ಅವಳಿಂದ ಒಂದು ಹಿಡಿ ಇಸಿದುಕೊಂಡು ಹನ್ನೊಂದು ಮನೆಗೂ ಹೋದೆ. ಪ್ರತಿಯೊಬ್ಬರ ಅಂಗೈಗೂ ಒಂದು ಚಿಟಿಕೆ ಇಟ್ಟು, ಆಮೇಲೆ ಪ್ರಶ್ನೆ ಕೇಳಿದೆ.

ಕುಲದ ಹಿರಿಯ ಪರಸಪ್ಪ ನನ್ನನ್ನು ಬಹಳ ಹೊತ್ತು ನೋಡಿದ. "ಇದಕ್ಕೆಲ್ಲಾ ದೇವರನ್ನ ಯಾಕ ತಂದಿಬೇ ಯವ್ವಾ" ಎಂದ. ನಾನು, ಕಾಕಾ, ಸಾಲಿ ಕೆಲಸ, ಖರೆ ಬೇಕು ಎಂದೆ. ಅವನು ಖರೆ ಹೇಳಿದ. ಎಲ್ಲರೂ ಹೇಳಿದರು. ಒಟ್ಟು ಒಂದು ಸಾವಿರದ ಮುನ್ನೂರ ನಲವತ್ತೇಳು ಕುರಿ. ಫೆಬ್ರುವರಿಯಿಂದ ಮೇ ತನಕ, ಹಿನ್ನೀರು ಇಳಿದಾಗ, ಹಳೆಯ ಕಂಬಳಿಹಾಳದ ಸುತ್ತ ಎದ್ದು ನಿಲ್ಲುವ ಹಸಿ ನೆಲದಲ್ಲಿ ಮೇಯಿಸುತ್ತಾರೆ. ಅದು ಸರ್ಕಾರದ ಜಾಗ, ಕಾಲಿಡುವುದು ತಪ್ಪು, ಆದರೆ ಬೇರೆಲ್ಲೂ ಹುಲ್ಲಿಲ್ಲ. ಮುಧೋಳ, ಜಮಖಂಡಿ ಕಡೆಗೆಲ್ಲ ಕಬ್ಬು ನಿಂತಿದೆ. ಮೊದಲಾದರೆ ಗೊಬ್ಬರಕ್ಕೆಂದು ರೈತರೇ ಕರೆದು ಹೊಲದಲ್ಲಿ ಹಿಂಡು ತರುಬಿಸಿ ರಾತ್ರಿ ನಿಲ್ಲಿಸಿಕೊಳ್ಳುತ್ತಿದ್ದರು. ಈಗ ಚೀಲದ ಗೊಬ್ಬರ ಬಂದಿದೆ, ಹಿಂಡು ಕಂಡರೆ ಕಲ್ಲು ಬೀಸುತ್ತಾರೆ. ಇದನ್ನೆಲ್ಲ ನಾಲ್ಕನೇ ಕೋಷ್ಟಕದಲ್ಲಿ ಹಾಕಿದೆ: ಯಜಮಾನನ ಹೆಸರು, ಕುರಿಗಳ ಸಂಖ್ಯೆ, ತಿಂಗಳು, ಜಾಗ. ಪಕ್ಕದಲ್ಲಿ ಕೈಯಿಂದ ಬರೆದ ನಕಾಶೆ. ನನಗಿಂತ ಚೆನ್ನಾಗಿ ಆ ನೆಲ ಬಲ್ಲವರು ಯಾರಿದ್ದಾರೆ ಎಂಬ ಸೊಕ್ಕು ಬೇರೆ.

"ಅದ್ಭುತ" ಎಂದರು ವೀರೇಶ ಸರ್. ಎರಡು ಸಲ ಅಂದರು.

ಆ ವರ್ಷ, ಎಂದರೆ ಎರಡು ಸಾವಿರದ ಹತ್ತರ ಜೂನಿನಲ್ಲಿ, ನಮ್ಮ ಕಾಲೇಜಿನಲ್ಲಿ ನಾನು ಕಲಿಸುತ್ತಿದ್ದ ಪತ್ರಿಕೆಯ ಹೆಸರಿನದೇ ರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. ವೇದಿಕೆಯ ತುಂಬ ಫ್ಲೆಕ್ಸು, ಅತಿಥಿಗಳಿಗೆ ಹೊದಿಸಲು ರಬಕವಿಯಿಂದ ತಂದ ಕೈಮಗ್ಗದ ಶಾಲು. ಚಹಾ ಲೋಟ ಎಣಿಸುವ ಕೆಲಸ ನನ್ನದು. ವೀರೇಶ ಸರ್ ಎದ್ದು ತಮ್ಮ ಪ್ರಬಂಧ ಓದಿದರು: 'ಮುಳುಗಿದ ಊರಿಗೆ ಮರಳುವುದು: ಆಧುನಿಕೋತ್ತರ ಕಾಲದ ನೆನಪಿನ ಆಚರಣೆ'. ಪರದೆಯ ಮೇಲೆ ನನ್ನ ನಕಾಶೆ ಮೂಡಿತು. ಆಮೇಲೆ ನಾಲ್ಕನೇ ಕೋಷ್ಟಕ, ಹೆಸರುಗಳ ಸಮೇತ. ಕೊನೆಗೆ ನನ್ನ ಅಪ್ಪ ಮಾಳಿಂಗರಾಯ, ಹಳೆಯ ಮನೆಯ ಹೊಸ್ತಿಲ ಕಲ್ಲಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಫೋಟೋ ತೆಗೆದವಳು ನಾನೇ.

ಸರ್ ಹೇಳಿದರು: ಆಧುನಿಕತೆ ಇವರಿಗೆ ಪ್ರಗತಿಯ ಮಹಾಕಥೆ ಹೇಳಿತ್ತು. ಆ ಕಥೆ ಕುಸಿದಿದೆ. ಈಗ ಇವರು ಪ್ರತಿ ಬೇಸಿಗೆ ಭಗ್ನಾವಶೇಷಕ್ಕೆ ಮರಳಿ ತಮ್ಮ ಗುರುತನ್ನು ಅಭಿನಯಿಸುತ್ತಾರೆ. ನೋಡಿ, ಈ ಮನುಷ್ಯ ತನ್ನ ಹೊಸ್ತಿಲಿನ ಜೊತೆ ಮಾತಾಡುತ್ತಿದ್ದಾನೆ. ಸಭೆ ತಲೆದೂಗಿತು. ಹೊರಗಿನಿಂದ ಬಂದವರೊಬ್ಬರು ಕಣ್ಣೊರೆಸಿಕೊಂಡರು.

ಅಪ್ಪ ಅಲ್ಲಿ ಕುರಿಯ ಗೊರಸಿನಿಂದ ಜಾಲಿಮುಳ್ಳು ಕೀಳುತ್ತಿದ್ದ. ಕುರಿಯ ಕಾಲು ಫೋಟೋದ ಅಂಚಿನಲ್ಲಿ ಕಾಣುತ್ತಲೇ ಇತ್ತು.

ಪ್ರಶ್ನೆಗಳ ವೇಳೆಗೆ ನಾನು ಲೋಟದ ತಟ್ಟೆ ಕೆಳಗಿಟ್ಟು ಕೈ ಎತ್ತಿದೆ. "ಸರ್, ಅವರು ಅಲ್ಲಿಗೆ ಹೋಗೂದು ಹುಲ್ಲಿಗೆ. ನೆನಪಿಗೆ ಅಲ್ಲ. ನನ್ನ ಅಧ್ಯಾಯದಾಗ ಹಂಗ ಬರದೀನಿ" ಎಂದೆ.

ಅವರು ಮುಗುಳ್ನಕ್ಕರು. "ಕ್ರಿಯೆಯಲ್ಲಿ ತೊಡಗಿದವರಿಗೆ ತಮ್ಮ ಕ್ರಿಯೆಯ ಅರ್ಥ ತಿಳಿದಿರಬೇಕಾಗಿಲ್ಲ, ಪೂನಮ್. ಅದಕ್ಕೇ ನಾವಿದ್ದೇವೆ." ಸಭೆ ನಕ್ಕಿತು. ನಾನು ತಟ್ಟೆ ಎತ್ತಿಕೊಂಡೆ. ಆ ಕ್ಷಣ ಆ ತಟ್ಟೆಯನ್ನು ಎಲ್ಲಿಗೆ ಎಸೆಯಬೇಕಿತ್ತು ಎಂದು ಈಗಲೂ ನಿದ್ದೆಗೆಟ್ಟು ಯೋಚಿಸುತ್ತೇನೆ. ಎಸೆಯಲಿಲ್ಲ. ನನ್ನ ಪದವಿ ಅವರ ಸಹಿಯಲ್ಲಿತ್ತು.

ಮುಂದಿನ ಸಾಲಿನಲ್ಲಿ ಒಬ್ಬ ಅಧಿಕಾರಿ ಕುಳಿತಿದ್ದರು, ಮುಖ್ಯ ಅತಿಥಿಗಳಲ್ಲಿ ಒಬ್ಬರು. ಯಾವ ಇಲಾಖೆ ಎಂದು ಹೇಳುವುದಿಲ್ಲ. ಹೋಗುವಾಗ ಅವರ ಕೈಗೆ ಶಾಲು, ಹಣ್ಣಿನ ಬುಟ್ಟಿ, ಪ್ರಬಂಧಗಳ ಪುಸ್ತಕ ಕೊಟ್ಟರು. ಶಾಲು ಹಣ್ಣು ಏನಾದವೋ ಗೊತ್ತಿಲ್ಲ. ಪುಸ್ತಕವನ್ನು ಅವರು ಓದಿದರು.

ಆಗಸ್ಟಿನಲ್ಲಿ ನೋಟೀಸು ಬಂತು. ಹನ್ನೊಂದು ಮನೆಗೆ ಹನ್ನೊಂದು, ಒಬ್ಬೊಬ್ಬರ ಹೆಸರು, ಒಬ್ಬೊಬ್ಬರ ಕುರಿಯ ಲೆಕ್ಕ, ನನ್ನ ಕೋಷ್ಟಕದಲ್ಲಿದ್ದ ಸಾಲಿನಲ್ಲೇ. 'ಪ್ರಕಟಿತ ಸಂಶೋಧನೆಯ ಪ್ರಕಾರ' ಸ್ವಾಧೀನಪಡಿಸಿಕೊಂಡ ಜಮೀನಿನಲ್ಲಿ ಅಕ್ರಮವಾಗಿ ಮೇಯಿಸುತ್ತಿರುವುದು ಸಾಬೀತಾಗಿದೆ. ಬರುವ ಬೇಸಿಗೆಯಿಂದ ಕಾವಲುಗಾರರನ್ನು ಇಡಲಾಗುವುದು. ಇಳಿದ ಹಿಂಡನ್ನು ಜಪ್ತಿ ಮಾಡಲಾಗುವುದು. ಉತ್ತರಕ್ಕೆ ಮೂವತ್ತು ದಿನ. ಆಗ ಹೊಳೆ ತುಂಬಿತ್ತು. ಹಳೆಯ ಊರಿನ ಮೇಲೆ ಎರಡಾಳು ನೀರು ನಿಂತಿತ್ತು. ಅಲ್ಲಿ ಕುರಿ ಮೇಯ್ದದ್ದಕ್ಕೆ ಜಗತ್ತಿನಲ್ಲಿ ಇದ್ದ ಸಾಕ್ಷಿ ಒಂದೇ, ನಾನು ಬರೆದದ್ದು.

ಭಾನುವಾರ ಬೆಳಿಗ್ಗೆ ತಗಡಿನ ಗುಡಿಯ ಮುಂದೆ ಎಲ್ಲರೂ ಕೂಡಿದರು. ನನ್ನನ್ನು ಜಮಖಂಡಿಯಿಂದ ಕರೆಸಿದ್ದರು. ಪರಸಪ್ಪ ನೋಟೀಸನ್ನು ನನ್ನ ಮುಂದೆ ಹಾಸಿದ.

"ಇದರಾಗ ನನ್ನ ಕುರಿ ನೂರಾ ಮೂವತ್ತೊಂದು ಅಂತ ಐತಂತ. ಖರೆ ಐತಿ. ನನ್ನ ಹೇಣ್ತಿಗೂ ನಾ ಹೇಳಿದ್ದಿಲ್ಲ. ನಿನಗಷ್ಟ ಹೇಳಿದ್ದೆ."

"ನನ್ನಿಂದನ ಹೋಗೇತಿ ಕಾಕಾ" ಎಂದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ನನಗೆ ಅದು ಚೆನ್ನಾಗಿ ಬರುತ್ತದೆ. ಅಜ್ಜಿ ಸೋಮವ್ವ ಮಾತ್ರ ಹೇಳಿದಳು: "ಆಕಿ ಕೇಳಿದ್ಲು, ನಾವು ಹೇಳಿದಿವಿ. ಖರೆ ಹೇಳಿದ್ದು ತಪ್ಪಲ್ಲ. ಈಗ ಏನ್ ಮಾಡೂದು ಅದನ್ನ ಹೇಳ್ರಿ."

ಏನು ಮಾಡುವುದು ಯಾರಿಗೂ ಗೊತ್ತಿರಲಿಲ್ಲ. ಆ ನಾಲ್ಕು ತಿಂಗಳ ಹುಲ್ಲು ಇಲ್ಲದಿದ್ದರೆ ಹಿಂಡು ಮಾರುವುದೊಂದೇ ಉಳಿದಿತ್ತು. ಹಿಂಡು ಮಾರಿದ ಮೇಲೆ ಅವರೆಲ್ಲ ಕಬ್ಬು ಕಡಿಯುವ ಗ್ಯಾಂಗಿಗೆ.

ನಾನು ಮುಧೋಳದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಸರ್ ಜೊತೆ ಜಗಳವಾಡಿದೆ. ಆದರೆ ಅವರು ಪಡಸಾಲೆಯಲ್ಲಿ ಕೂಡ್ರಿಸಿ ತಾವೇ ಒಳಗೆ ಹೋಗಿ ಚಹಾ ಹೇಳಿ ಬಂದರು. ನೋಟೀಸು ಓದಿ ಅವರ ಮುಖ ನಿಜಕ್ಕೂ ಸಪ್ಪಗಾಯಿತು.

"ನಾ ಇದನ್ನ ಬಯಸಿದ್ದಿಲ್ಲ ಪೂನಮ್" ಎಂದರು. ಮನೆಯಲ್ಲಿ ಅವರೂ ನಮ್ಮ ಹಾಗೆಯೇ ಮಾತಾಡುತ್ತಾರೆ. "ಸೈದ್ಧಾಂತಿಕ ಪ್ರಬಂಧ ಅದು. ಇದಕ್ಕ ಇಂಥಾದ್ದೊಂದು ಉಪಯೋಗ ಆಗತೈತಿ ಅಂತ ಯಾರಿಗ್ಗೊತ್ತು."

"ಹೆಸರು ಯಾಕ ಹಾಕಿದ್ರಿ ಸರ್?"

"ನೀನ ಹಾಕಿದ್ದಿ ಅಲ್ಲಾ."

ಹಾಕಿದ್ದೆ. ನಮ್ಮವರ ಹೆಸರು ಅಚ್ಚಿನಲ್ಲಿ ಬರಲಿ ಎಂಬ ಆಸೆಯಿಂದಲೇ ಹಾಕಿದ್ದೆ.

ಅವರೊಂದು ದಾರಿ ಹೇಳಿದರು. ಮಾಹಿತಿದಾರರು ತಪ್ಪು ಮಾಹಿತಿ ಕೊಟ್ಟರು ಎಂದು ಬರೆದುಬಿಡುವುದು. ಕುರಿ ಹೆಚ್ಚು ಮಾಡಿ ಹೇಳಿದರು, ಜಾಗ ಕಲ್ಪಿಸಿ ಹೇಳಿದರು. ಜನ ಸಂದರ್ಶಕರಿಗೆ ಹಾಗೆ ಹೇಳುವುದು ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಹನ್ನೊಂದು ಮಂದಿ ಅದನ್ನು ಒಪ್ಪಿ ಹೆಬ್ಬೆಟ್ಟು ಒತ್ತಿದರೆ ನೋಟೀಸು ಬಿದ್ದುಹೋಗುತ್ತದೆ. ನಾಲ್ಕನೇ ಕೋಷ್ಟಕ ತೆಗೆದರಾಯಿತು, ಉಳಿದ ಪ್ರಬಂಧಕ್ಕೆ ಏನೂ ಆಗುವುದಿಲ್ಲ. "ನಿನ್ನ ಪದವಿನೂ ಉಳೀತೈತಿ, ಅವರ ಕುರಿನೂ" ಎಂದರು.

ನನಗೆ ಅದು ಹಿಡಿಸಿತು. ಯಾರ ತಲೆಯೂ ಹೋಗದ ಉಪಾಯ. ಮುಧೋಳದಲ್ಲೇ ಟೈಪು ಮಾಡಿಸಿ, ಶಾಯಿಡಬ್ಬಿ ಕೊಂಡು, ಮರುದಿನ ಗುಡಿಯ ಮುಂದೆ ಗಟ್ಟಿಯಾಗಿ ಓದಿದೆ: 'ಸಂಶೋಧಕಿಯು ಕೇಳಿದಾಗ ನಾವು ಸುಳ್ಳು ಮಾಹಿತಿ ನೀಡಿರುತ್ತೇವೆ.'

ಪರಸಪ್ಪ ಶಾಯಿಡಬ್ಬಿಯ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಭಂಡಾರ ಹಿಡದು ಸುಳ್ಳ ಹೇಳಿದಿವಿ ಅಂತ ಬರಕೊಡಬೇಕ?"

"ಕಾಕಾ, ಬರೇ ಹಾಳಿ ಅದು. ದೇವರಿಗೆ ಗೊತ್ತಿಲ್ಲೇನು ಖರೆ ಯಾವುದಂತ?"

"ದೇವರಿಗೆ ಗೊತ್ತೈತಿ. ಅದಕ್ಕ ಅಂಜತೀನಿ. ಕುರಿ ಹೋದ್ರ ಹೋಗ್ಲಿ, ಅವನ ಮುಂದ ಸುಳ್ಳಗಾರ ಆಗಿ ನಾ ಬದಕೂದಿಲ್ಲ."

ಒಬ್ಬೊಬ್ಬರೇ ಎದ್ದರು. ಹನ್ನೊಂದು ಮಂದಿಯಲ್ಲಿ ಒಬ್ಬನೂ ಬೆರಳು ಕೊಡಲಿಲ್ಲ, ನನ್ನ ಅಪ್ಪ ಕೂಡ. ನನಗೆ ತಲೆ ಕೆಟ್ಟು ಹೋಯಿತು. ನಿಮ್ಮ ಕುರಿ ಜಪ್ತಿ ಆಗತಾವು, ಕಬ್ಬಿನ ಗ್ಯಾಂಗಿನಾಗ ಸಾಯ್ತೀರಿ, ಹಾಳಿಗೂ ದೇವರಿಗೂ ಫರಕ ಗೊತ್ತಾಗದ ಮಂದಿ ನೀವು ಎಂದೆಲ್ಲ ಕೂಗಾಡಿದೆ. ಸಂಪ್ರದಾಯ ಮನುಷ್ಯನನ್ನು ಹೇಗೆ ಕಟ್ಟಿಹಾಕುತ್ತದೆ, ಆಧುನಿಕತೆ ಹೇಗೆ ಬಿಡಿಸುತ್ತದೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದ ಪಾಠವೆಲ್ಲ ಬೈಗುಳವಾಗಿ ಹೊರಬಂತು.

ಅಜ್ಜಿ ಮೆಲ್ಲಗೆ ಕೇಳಿದಳು: "ನಾವು ಸುತ್ತಿಬಳಸಿ ಹೇಳತಿದ್ದಿವಿ, ತಪ್ಪಿಸಿ ಹೇಳತಿದ್ದಿವಿ. ನಮ್ಮ ಕೈಯಾಗ ದೇವರನ್ನ ಇಟ್ಟಾಕಿ ಯಾರು?"

ನಾನು ಇಟ್ಟದ್ದು. ಅವರಿಗೆ ಸುಳ್ಳು ಹೇಳಿ ಬದುಕುವ ಒಂದು ದಾರಿ ಇತ್ತು, ಅಜ್ಜ ಮುತ್ತಜ್ಜರ ಕಾಲದ್ದು, ನೋಟೀಸಿನಿಂದ ಅವರನ್ನು ಕಾಯುತ್ತಿದ್ದ ದಾರಿ. ಅದನ್ನು ನಾನು ಮುಚ್ಚಿದ್ದೆ, ಒಂದು ಕೋಷ್ಟಕ ತುಂಬಿಸಲಿಕ್ಕೆ. ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕು? ಸರ್ ಮೇಲೆ ಹಾಕಿದರೂ ನನ್ನ ಪಾಲಿಗೆ ಅರ್ಧ ಉಳಿಯುತ್ತಿತ್ತು. ನಾನು ಯಾವ ದೇವರನ್ನೂ ಹಿಡಿದು ಮಾತು ಕೊಟ್ಟಿರಲಿಲ್ಲ. ಸುಳ್ಳು ಹೇಳಲು ಆ ಹನ್ನೊಂದು ಮನೆಗಳಲ್ಲಿ ಯಾವ ಕಟ್ಟೂ ಇಲ್ಲದೆ ಉಳಿದವಳು ನಾನೊಬ್ಬಳೇ.

ಜಮಖಂಡಿಯ ಕೋರ್ಟಿನ ಎದುರಿನ ನೋಟರಿಯ ಬಳಿ ಅಫಿಡವಿಟ್ಟು ಬರೆಸಿದೆ. ಕಂಬಳಿಹಾಳದ ಯಾರನ್ನೂ ನಾನು ಸಂದರ್ಶಿಸಿರುವುದಿಲ್ಲ. ಯಾರೂ ನನಗೆ ಏನನ್ನೂ ಹೇಳಿರುವುದಿಲ್ಲ. ನಾಲ್ಕನೇ ಕೋಷ್ಟಕ, ನಕಾಶೆ ಎಲ್ಲವೂ ನನ್ನ ಕಲ್ಪನೆ. ನೋಟರಿ ಕನ್ನಡಕ ತೆಗೆದು ನೋಡಿದ. "ಇದರಾಗ ಏನ್ ಬರದೈತಿ ಗೊತ್ತೈತೇನ್ರಿ? ಮುಂದ ನಿಮಗ ಯಾರೂ ಕೆಲಸ ಕೊಡೂದಿಲ್ಲ" ಎಂದ. ಗೊತ್ತೈತಿ ಎಂದೆ. ಹೊರಗೆ ಬಂದು ವೀರೇಶ ಸರ್‌ಗೆ ಫೋನು ಮಾಡಿ ಹೇಳಿದೆ. ಅವರು, "ನೀ ನನ್ನ ಹೆಸರೂ ಕೆಡಿಸಿದೆ" ಎಂದರು. ಅದೊಂದು ಮಾತಿನಿಂದ ಮಾತ್ರ ನನಗೆ ಸ್ವಲ್ಪ ಸಮಾಧಾನವಾಯಿತು.

ವಿಚಾರಣೆಗೆ ನನ್ನನ್ನೂ ಅಪ್ಪನನ್ನೂ ಕರೆದಿದ್ದರು, ಅವನ ಫೋಟೋ ಪುಸ್ತಕದಲ್ಲಿದ್ದುದರಿಂದ. ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ನೋಡುತ್ತ ಕೇಳಿದ: "ನಿನ್ನ ಸಾಲಿ?"

"ಮುಗೀತಪ್ಪಾ."

"ಇನ್ನ ಒಂದ ವರ್ಷ ಐತಿ ಅಂದಿದ್ದಿ."

ನಾನು ಎರಡು ಟಿಕೀಟು ತೆಗೆಸಿದೆ.

ಸಂಕಿರಣಕ್ಕೆ ಬಂದಿದ್ದ ಅದೇ ಅಧಿಕಾರಿ ಅಫಿಡವಿಟ್ಟನ್ನು ಎರಡು ಸಲ ಓದಿದರು. ಪುಸ್ತಕ ತೆರೆದು ಫೋಟೋ ತೋರಿಸಿದರು.

"ಇದು ನೀನ ಹೌದಲ್ಲೊ? ಎಲ್ಲಿ ಇದು?"

"ನಾನ ರೀ. ಕಲ್ಲು ಎಲ್ಲಾ ಕಡೆ ಅದಾವ್ರಿ. ಕುರಿನೂ ಅದಾವ್ರಿ."

"ಹಂಗಾರ ನಿನ್ನ ಮಗಳು ಬರದದ್ದು?"

ಅಪ್ಪ ನನ್ನ ಕಡೆ ನೋಡಿದ. ಹೇಳು ಎಂಬಂತೆ ನಾನು ತಲೆಯಾಡಿಸಿದೆ. ಅವನ ಅಂಗೈಯಲ್ಲಿ ಈಗ ಭಂಡಾರವಿರಲಿಲ್ಲ; ಭಂಡಾರ ಹಿಡಿದು ತಾನು ಸುಳ್ಳಾಡಿದೆ ಎಂದೂ ಹೇಳಬೇಕಿರಲಿಲ್ಲ.

"ಸುಳ್ಳ್ರಿ."

"ಪೂರ್ತಿ ಹೇಳಬೇಕು. ಬರಕೋತಾರ."

"ನನ್ನ ಮಗಳು ಸುಳ್ಳ ಬರದಾಳ್ರಿ" ಎಂದ ಅಪ್ಪ. ಅವನ ಧ್ವನಿ ಹಿಂಡು ಕೂಗಿ ಒರಟಾದದ್ದು, ಯಾವತ್ತೂ ಅಷ್ಟು ಸಣ್ಣಗೆ ಕೇಳಿದ್ದಿಲ್ಲ.

ಗುಮಾಸ್ತ ಬರೆದ: 'ನನ್ನ ಮಗಳಾದ ಪೂನಮ್ ಇವಳು ಪದವಿಯ ಆಸೆಗಾಗಿ ಸುಳ್ಳು ಬರೆದಿರುತ್ತಾಳೆ.' ಪದವಿಯ ಆಸೆ ಎಂಬುದನ್ನು ಯಾರೂ ಹೇಳಿರಲಿಲ್ಲ. ಅವನೇ ಸೇರಿಸಿದ, ಕಚೇರಿಯ ಭಾಷೆಗೆ ಚೆಂದ ಕಾಣಲೆಂದು. ನನ್ನ ಕೈ ಅವನ ಕಾಲರಿನವರೆಗೆ ಹೋಗುವುದಿತ್ತು; ತೊಡೆಯ ಕೆಳಗೆ ಒತ್ತಿಟ್ಟುಕೊಂಡೆ. ಕಾವಲುಗಾರರ ಆದೇಶ ಅದೇ ಮೇಜಿನ ಮೇಲಿತ್ತು. ಅಪ್ಪನ ಹೇಳಿಕೆ ಮುಗಿದರೆ ಆಧಾರವಿಲ್ಲವೆಂದು ಅದನ್ನು ಕೈಬಿಡುತ್ತೇನೆ ಎಂದಿದ್ದರು ಅಧಿಕಾರಿ.

ಗುಮಾಸ್ತ ಶಾಯಿಡಬ್ಬಿಯನ್ನು ಅಪ್ಪನ ಮುಂದೆ ತಳ್ಳಿದ. ಅಪ್ಪ ಅದನ್ನು ಪಕ್ಕಕ್ಕೆ ಸರಿಸಿ, "ಪೆನ್ ಕೊಡ್ರಿ" ಎಂದ.

ನಾನು ಆರನೇ ತರಗತಿಯಲ್ಲಿದ್ದಾಗ ಒಂದು ಇಡೀ ಮಳೆಗಾಲ ಅವನ ಕೈ ಹಿಡಿದು ಪಾಟಿಯ ಮೇಲೆ ತಿದ್ದಿಸಿದ್ದೆ. ಹಿಂಡಿನಿಂದ ಬಂದು, ಕೈ ತೊಳೆದು, ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂಡುತ್ತಿದ್ದ. ಐದು ಅಕ್ಷರ ಬಂದ ದಿನ ಊರೆಲ್ಲ ತೋರಿಸಿಕೊಂಡು ಬಂದಿದ್ದ. ಆ ಐದು ಬಿಟ್ಟರೆ ಅವನಿಗೆ ಓದು ಬರಹ ಬರುವುದಿಲ್ಲ. ಗುಮಾಸ್ತ ಬೆರಳಿಟ್ಟು ತೋರಿಸಿದ ಜಾಗದಲ್ಲಿ, ಆ ಸಾಲಿನ ಕೆಳಗೆ, ಅವನು ಒಂದೊಂದೇ ಅಕ್ಷರ ಮೂಡಿಸಿದ. ಮಾಳಿಂಗರಾಯ. ಸುತ್ತು, ಗುಡಿಸು, ಸೊನ್ನೆ, ಎಲ್ಲವೂ ನಾನು ಕಲಿಸಿದ ಹಾಗೆಯೇ ಇತ್ತು. ಒಂದೂ ತಪ್ಪಿರಲಿಲ್ಲ.